ಈರುಳ್ಳಿ ಸಿಪ್ಪೆಯ ಬಣ್ಣ

ಊರೆಲ್ಲ ಅದನ್ನು ಬಿಳಿಯೆಂದೇ ನಂಬಿತು.
ಕೈರೋದ ಇಮಾದುದ್ದೀನ್ ಬೀದಿಯಲ್ಲಿ
ಮೂರಾಳೆತ್ತರದ ಪೋಸ್ಟರಿನ ಕೆಳಗೆ
ಟ್ರಾಮು ನಿಧಾನಿಸಿದಾಗಲೆಲ್ಲ
ಗಂಡಸರು ಟೋಪಿ ಸರಿಮಾಡಿಕೊಂಡರು.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವಳಂತೆ
ತುಟಿ ಬಿಗಿದು ದಾಟಿದೆ ನಾನು.

ಬಿಳಿಯಲ್ಲ, ಕಣ್ರೀ.
ದೀಪಗಳೆದುರು ಅಪ್ಪಟ ಬಿಳಿ ಉರಿದುಹೋಗುತ್ತದೆ,
ಮುಖವನ್ನೂ ನುಂಗುತ್ತದೆ ಎಂದಿದ್ದ ಕ್ಯಾಮೆರಾದವನು.
ಅದಕ್ಕೇ ಮದಾಂ ಹೈಗುಹಿಯ ಅಡುಗೆಮನೆಯಲ್ಲಿ
ತಾಮ್ರದ ಹಂಡೆಗೆ ಬುಟ್ಟಿ ತುಂಬ ಈರುಳ್ಳಿ ಸಿಪ್ಪೆ ಸುರಿದು
ಹದಿನಾಲ್ಕು ಗಜ ರೇಷ್ಮೆ ಸ್ಯಾಟಿನ್ ಅದ್ದಿದೆವು.
ಬಂಗಾರವೂ ಅಲ್ಲ, ಗುಲಾಬಿಯೂ ಅಲ್ಲ;
ಬಿಸಿಲಿಗೆ ಹಿಡಿದ ಕಿವಿಯ ಹಾಲೆಯ ಬಣ್ಣ.
ಮೂರು ದಿನ ನನ್ನ ಕೂದಲಲ್ಲಿ ಒಗ್ಗರಣೆಯ ವಾಸನೆ.

ನೇರ ಎಳೆಯ ಬಟ್ಟೆ ಕತ್ತರಿಯ ಮಾತು ಕೇಳುತ್ತದೆ.
ಓರೆ ಎಳೆಯದು ಹಾಗಲ್ಲ,
ಮೈಯ ಮಾತು ಮಾತ್ರ ಕೇಳುತ್ತದೆ.
ಕತ್ತರಿಸಿ ಎರಡು ರಾತ್ರಿ ಮೊಳೆಗೆ ತೂಗುಬಿಡಬೇಕು,
ತನ್ನ ಭಾರಕ್ಕೆ ತಾನೇ ಜಗ್ಗಿ, ಇಳಿದು,
ಸಾಕು ಅನ್ನುವ ತನಕ.

ನಾಯಕಿ ಬಂದಳು. ಅಂಥ ರೂಪಸಿಯೇನಲ್ಲ.
ಮಂಡಿಯ ಮೇಲೆ ಹಳೇ ಗಾಯ, ಉಗುರು ಕಚ್ಚುವ ಚಾಳಿ.
ಉಸಿರು ಬಿಗಿಹಿಡಿದಳು; ಬೆನ್ನುದ್ದಕ್ಕೂ
ಮೂವತ್ತೊಂದು ಗುಂಡಿ ಹಾಕಿದೆ.
ಆಮೇಲೆ ಅವಳು ತಿರುಗಿದ್ದು...
ತಿರುಗಿದಳು, ಅಷ್ಟೇ.
ನೈಲ್ ನದಿಯ ಮೇಲೆ ದೋಣಿ ದಿಕ್ಕು ಬದಲಿಸುವಾಗ
ಹಾಯಿ ಒಮ್ಮೆ ಸಡಿಲಾಗಿ
ಮತ್ತೆ ಗಾಳಿ ತುಂಬಿಕೊಳ್ಳುತ್ತದಲ್ಲ, ಆ ಸದ್ದು.
ಇಸ್ತ್ರಿಯ ಹುಡುಗ ಕಾಲರು ಸುಟ್ಟ.

ಆ ಗೌನಿನಲ್ಲಿ ಕೂರುವಂತಿರಲಿಲ್ಲ.
ಶಾಟ್‌ಗಳ ನಡುವೆ ಓರೆ ಹಲಗೆಗೆ ಒರಗಿ ನಿಂತು,
ಎದೆಗೆ ಟವೆಲು ಕಟ್ಟಿಸಿಕೊಂಡು,
ರೊಟ್ಟಿಯಲ್ಲಿ ಸುತ್ತಿದ ಕಾಳಿನ ಪಲ್ಯ ತಿನ್ನುವಳು.
ಎಣ್ಣೆ ತೊಟ್ಟಿಕ್ಕಿದರೆ ನನ್ನ ಕೆಲಸ ಹೋದಂತೆ,
ಕೆಳಗೆ ಅಂಗೈ ಚಾಚಿ ನಿಲ್ಲುತ್ತಿದ್ದೆ.
‘ಇದೆಲ್ಲ ಸುಳ್ಳು ಅನ್ನಿಸುತ್ತಾ ನಿನಗೆ, ವೆರ್ಜಿನೆ?’
‘ಸುಳ್ಳಿಗೆ ಇಷ್ಟು ಹೊಲಿಗೆ ಬೇಕಾಗಲ್ಲ, ಅಮ್ಮಾವ್ರೇ.’
ಮುಂದಿನ ಸಿನಿಮಾದಲ್ಲಿ ಅದು ಅವಳ ಸಂಭಾಷಣೆಯಾಯಿತು.
ನನಗೊಂದು ಬಿಡಿಗಾಸೂ ಹುಟ್ಟಲಿಲ್ಲ.

ಇಷ್ಟೂ ಯಾರಿಗಾದರೂ ಹೇಳುವಂಥದ್ದೇ.
ಹೇಳದೆ ಉಳಿದದ್ದು ಇನ್ನೊಂದು:

ಗೌನು ಒಪ್ಪಿಸುವ ಹಿಂದಿನ ರಾತ್ರಿ
ಅಂಚು ಹೊಲಿಯುವ ನೆಪದಲ್ಲಿ ಅಂಗಡಿಯಲ್ಲೇ ಉಳಿದೆ.
ಊರು ಬಿಟ್ಟು ಮರಳುಗಾಡು ನಡೆದು ಬಂದಾಗಿನಿಂದ
ಅಮ್ಮ ಕಪ್ಪು ಬಿಟ್ಟು ಬೇರೆ ತೊಟ್ಟವಳಲ್ಲ.
ನಮ್ಮ ಮನೆಯ ಕನ್ನಡಿಯಲ್ಲಿ
ಹಣೆಗೂ ಗಲ್ಲಕ್ಕೂ ಒಟ್ಟಿಗೆ ಜಾಗವಿರಲಿಲ್ಲ.
ಚಿಲಕ ಹಾಕಿದೆ. ದೀಪ ಸಣ್ಣದು ಮಾಡಿದೆ.
ಹನ್ನೆರಡರ ಮೇಲಿನ ಗುಂಡಿಗಳು ಕೈಗೆ ಎಟುಕಲಿಲ್ಲ,
ಬೆನ್ನು ಅರ್ಧ ತೆರೆದೇ ನಿಂತೆ
ಮದಾಮಳ ಮೂರು ಮಡಿಕೆಯ ಕನ್ನಡಿಯೆದುರು.

ಮೂವರು ವೆರ್ಜಿನೆಯರು.
ಒಬ್ಬಳಿಗೂ ನಾಚಿಕೆಯಿರಲಿಲ್ಲ.
ಗಲ್ಲ ಎತ್ತಿದೆ, ಒಂದು ಭುಜ ಇಳಿಸಿದೆ.
ಸೊಂಟಕ್ಕೂ ಒಂದು ಸ್ವಂತ ಅಭಿಪ್ರಾಯ ಉಂಟೆಂದು
ಇಪ್ಪತ್ತಾರು ವರ್ಷಕ್ಕೆ ತಿಳಿಯಿತು.
ಬೆಡಗು ಎಂದರೆ ಪರರ ಕಣ್ಣಿಗೆ ಹಾಕುವ ಬಲೆ ಎಂದುಕೊಂಡಿದ್ದೆ.
ಅಲ್ಲಿ ಯಾರಿದ್ದರು?
ಗೋಡೆಯಾಚೆ ಕಾಫಿ ಕುಟ್ಟುವವನ ಒನಕೆ,
ನಾನು, ಮತ್ತು ನಾನು, ಮತ್ತು ನಾನು.

ಮೊನ್ನೆ ತಂಗಿಯ ಮೊಮ್ಮಗ ಕರೆಕಿನ್ ಕೂಗಿದ:
‘ಬಾ ಅಜ್ಜಿ, ನಿಮ್ಮ ಕಾಲದ ಸಿನಿಮಾಕ್ಕೆ ಬಣ್ಣ ತುಂಬಿದ್ದಾರೆ!’
ಟಿವಿಯಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು,
ಹಾಲಿನಂಥ ಬಿಳಿ ಗೌನು, ಅಂಚಿಗೆ ತುಸು ನೀಲಿ.
‘ಸರಿಯಾಗಿದೆಯಾ ಬಣ್ಣ?’
‘ಹೂಂ,’ ಅಂದೆ.

ಅಡುಗೆಮನೆಗೆ ಬಂದು ಅರ್ಧ ಸುಲಿದಿಟ್ಟ ಈರುಳ್ಳಿಯ
ಸಿಪ್ಪೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಭುಜ ಒಂದು
ತಾನಾಗಿ ಇಳಿಯಿತು.